ಹತ್ತು ಕೆಜಿಗಿಂತ ಕೆಳಗೆ

ಮಂಡ್ಯದ ಹೊರಗೆ, ಫ್ಯಾಕ್ಟರಿ ಗೇಟಿನಲ್ಲಿ, ವೇಬ್ರಿಜ್ ಕೆಲಸ ನನ್ನದು.
ಕಬ್ಬಿನ ಗಾಡಿ ಬರುತ್ತೆ, ತೂಗುತ್ತೇನೆ.
ಖಾಲಿ ಗಾಡಿ ಹೋಗುತ್ತೆ, ತೂಗುತ್ತೇನೆ.
ಕಳೆದು ಉಳಿದದ್ದನ್ನು ಚೀಟಿಯಲ್ಲಿ ಬರೆಯುತ್ತೇನೆ.
ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕದ ಮೇಲೆ ಯಾರೂ
ಜಗಳ ತೆಗೆದಿಲ್ಲ, ಒಬ್ಬನನ್ನು ಬಿಟ್ಟು; ಅವನೂ ಕುಡಿದಿದ್ದ.

ನಮ್ಮ ವೇಬ್ರಿಜ್ಜಿಗೆ ಒಂದು ಕುರುಡು:
ಹತ್ತು ಕೆಜಿಗಿಂತ ಕೆಳಗಿನದು ಅದಕ್ಕೆ ತಿಳಿಯುವುದಿಲ್ಲ.
ಹುಡುಗರು ಗಾಡಿಯಿಂದ ಎರಡು ಜಲ್ಲೆ ಕಿತ್ತುಕೊಂಡು ಓಡಿದರೆ
ಕೆಂಪು ಅಂಕಿ ಅಲುಗುವುದಿಲ್ಲ.

ನಿಸರ್ಗ ಹಾಗೆ ಕಮ್ಮಿಯಾದಳು, ಒಂದೊಂದೇ ಜಲ್ಲೆ.

ಮೊದಲು ರಾತ್ರಿಯ ಮುದ್ದೆ ಬಿಟ್ಟಳು. ಡಯಟ್ ಅಂದಳು.
ಒಳ್ಳೇದೇ, ಅಂದೆ.
ಆಮೇಲೆ ಬೆಳಗಿನದು; ಕಾಲೇಜಲ್ಲಿ ತಿಂದೆ ಅಂದಳು.
ಬಸರಾಳಿನ ಬೀಗರೂಟದಲ್ಲಿ ನನ್ನ ಷಡ್ಡಕ,
"ಆಲೆಮನೆ ಕೊಪ್ಪರಿಗೆ ಬಂತು, ಜಾಗ ಬಿಡ್ರಪ್ಪೋ" ಅಂದದ್ದು ಹೋದ ವರ್ಷ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ಈ ವರ್ಷ ಅದೇ ಬಾಯಿಗಳು, "ಎಷ್ಟು ಚೆಂದ ಸಣ್ಣಗಾಗಿದ್ದೀಯವ್ವ!"
ಅವಳು ಎಲೆಯ ಮುಂದೆ ಕೂತು ತುಂಡುಗಳನ್ನು
ಈ ತುದಿಯಿಂದ ಆ ತುದಿಗೆ ಸಾಗಿಸುತ್ತಿದ್ದಳು.

ಗೊತ್ತಾಗಬೇಕಿತ್ತು.
ಬಾಚಣಿಗೆ ತುಂಬ ಕೂದಲು. ಮೇ ತಿಂಗಳಲ್ಲಿ ಸ್ವೆಟರು.
ಬೀದಿಯ ಕರಿಯ ನಾಯಿ ಅವಳ ಕಿಟಕಿಯ ಕೆಳಗೇ ಮಲಗಿ
ದಿನೇ ದಿನೇ ಮಿರುಗುತ್ತಿತ್ತು.
ಮಗಳು ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವೆಂದು
ಸುಕನ್ಯಾಗೆ ಗೊತ್ತಿತ್ತು; ನನ್ನ ಹತ್ತಿರ ಹೇಳುವ ಮಾತೇ ಅದು?
ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಘಾಟು ಬರಲಿಲ್ಲ; ದೃಷ್ಟಿಯೇ, ಅಂದಳು.
ನಾನು ತಟ್ಟೆಯ ಮುಂದೆ ನಿಂತು ಗದರಿದೆ: ತಿನ್ನೇ.
ಒಮ್ಮೆ ಕೈಯೆತ್ತಿದೆ. ಇಳಿಸಿದೆ.
ಎತ್ತಿದ್ದನ್ನು ಅವಳು ನೋಡಿದಳು.

ಹೇಳಿದವನು ತಮ್ಮ, ಏಳನೇ ಕ್ಲಾಸಿನ ಚಂದು:
"ಅಪ್ಪಾ, ಅಕ್ಕ ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡ್ತಾಳೆ.
ಯಾರಿಗೂ ಹೇಳ್ಬೇಡ ಅಂದಿದ್ಲು.
ನಾನು ಹೇಳ್ದೆ ಅಂತ ಹೇಳ್ಬೇಡ."

ಬೆಳಗಿನ ಪ್ಯಾಸೆಂಜರು, ಮೈಸೂರಿಗೆ.
ಎಲಿಯೂರು ದಾಟುವಾಗ ವಡೆಯವನು ಬಂದ.
ಮೂವರೂ ಬೇರೆ ಬೇರೆ ಕಡೆ ನೋಡಿದೆವು.
ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ಕೆಳಗಿದ್ದಾಗ,
"ನನಗೆ ಹುಚ್ಚಾ ಅಪ್ಪ?" ಅಂತ ಕೇಳಿದಳು.
ರೈಲಿನ ಸದ್ದಿಗೆ ಕೇಳಿಸದವನಂತೆ ಇದ್ದೆ.
ಅವಳಮ್ಮ, "ಜ್ವರ ಬಂದ್ರೆ ಹೋಗಲ್ವಾ, ಹಂಗೆ" ಅಂದಳು.

ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ.
ರಕ್ತ ತೆಗೆಸಿದರು, ಎದೆಗೆ ತಂತಿ ಹಚ್ಚಿಸಿದರು.
ಇದು ಹಟವಲ್ಲ, ಕಾಯಿಲೆ, ವಾಸಿಯಾಗುತ್ತೆ, ಹೊತ್ತು ಹಿಡಿಯುತ್ತೆ, ಅಂದರು.
ಹೆಸರು ಹೇಳಿದರು; ರೈಲಿನ ಟಿಕೇಟಿನ ಹಿಂದೆ ಬರೆದುಕೊಂಡೆ.
ಆಮೇಲೆ ತೂಕದ ಯಂತ್ರ.
"ಅಂಕಿಗೆ ಬೆನ್ನು ಮಾಡಿ ನಿಲ್ಲಮ್ಮ. ಸಾರ್, ನೀವೂ ಆ ಕಡೆ ತಿರುಗಿ."

ಇಪ್ಪತ್ತೆರಡು ವರ್ಷ.
ಗೋಡೆಯ ಕಡೆ ತಿರುಗಿದೆ. ಹೋದ ತಿಂಗಳ ಕ್ಯಾಲೆಂಡರಿತ್ತು.
ಬೆನ್ನ ಹಿಂದೆ ಅವಳು ಹತ್ತಿದ ಸದ್ದು, ಇಳಿದ ಸದ್ದು.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇವೆ.
ಊಟದ ಹೊತ್ತಿಗೆ ಊಟದ ಮಾತಿಲ್ಲ, ಅದು ಕಟ್ಟಳೆ.
ಚಂದು ಕ್ರಿಕೆಟ್ ಹೇಳುತ್ತಾನೆ. ಅಮ್ಮ, ಕಷ್ಟಪಟ್ಟು, ಸುಮ್ಮನಿರುತ್ತಾಳೆ.
ಉಂಡ ಮೇಲೆ ಯಾರಾದರೂ ಅವಳ ಜೊತೆ ಚೌಕಾಬಾರ.
ನಾನು ಸೋಲುತ್ತೇನೆ, ಬೇಕಂತಲ್ಲ.
ಕೆಲವು ದಿನ ತಟ್ಟೆ ಇಟ್ಟ ಹಾಗೇ ಏಳುತ್ತೆ.
ಹೋದ ವಾರ ಮತ್ತೆ ನಲ್ಲಿಯ ಸದ್ದು.
ಬಾಗಿಲ ಹೊರಗೆ ಕೂತೆ. ಬಡಿಯಲಿಲ್ಲ.
ಬಂದಳು, ನೋಡಿದಳು,
ಪಕ್ಕದಲ್ಲಿ ಕೂತಳು.

ನಿನ್ನೆ ಬಸ್ಸಾರು. ಮುದ್ದೆಯಿಂದ ಒಂದು ತುತ್ತು ಮುರಿದು,
ಅದ್ದಿ, ತುಂಬ ಹೊತ್ತು ಬೆರಳಲ್ಲೇ ಹಿಡಿದಿದ್ದು
ನುಂಗಿದಳು. ಇನ್ನೊಂದು ಮುರಿದಳು.
ನಾನು ಎಣಿಸಲಿಲ್ಲ. ಎಣಿಸಲಿಲ್ಲ ಅಂದರೆ, ನಾಲ್ಕರವರೆಗೆ ಎಣಿಸಿ ಬಿಟ್ಟೆ.

ಕಿಟಕಿಯ ಕೆಳಗೆ ಕರಿಯ ನಾಯಿ ಬಾಲ ಆಡಿಸುತ್ತ ಕಾಯುತ್ತಿತ್ತು.
ಅದೂ ಸ್ವಲ್ಪ ಇಳಿದಿದೆ, ಪಾಪ.